ಸಹಿ ಹಾಕೋ ಮುಂಚೆ ತಿಂಗಳು ಎಣಿಸು

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಓದುವಾಗ 14 ತಿಂಗಳು ವೆರ್ಕ್‌ಸ್ಟುಡೆಂಟ್ (ಓದುತ್ತಲೇ ಅರೆಕಾಲಿಕ ಕೆಲಸ ಮಾಡುವ ವಿದ್ಯಾರ್ಥಿ) ಆಗಿ ದುಡಿದಿದ್ದೀಯ, ಆಮೇಲೆ 10 ತಿಂಗಳಿಂದ ಪೂರ್ಣ ನೌಕರಿ. ಈಗ ಕಂಪನಿಯವರು "ಒಪ್ಪಂದದ ಮೇಲೆ ಈ ತಿಂಗಳ ಕೊನೆಗೇ ಬಿಟ್ಟುಬಿಡು, ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡ್ತೀವಿ" ಅಂದಿದ್ದಾರೆ. ಬೇರೆ ಕೆಲಸ ಸಿಗೋವರೆಗೆ ನಿರುದ್ಯೋಗ ಭತ್ಯೆ ಬರುತ್ತಾ ಅಂತ ಕೇಳಿದ್ದೀಯ. ಆ ಕಾಗದಕ್ಕೆ ಸಹಿ ಹಾಕಿದರೆ ಬರಲ್ಲ. ಹಾಕದಿದ್ದರೆ ಬರುವ ದಾರಿ ಇದೆ.

ಇದನ್ನ ನಮ್ಮ ಯುವನಿಧಿ ಥರ ಅಂದುಕೋಬೇಡ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಅಲ್ಲಿ ತಿಂಗಳಿಗೆ 3000 ಕೊಡ್ತಾರೆ, ಅದಕ್ಕೆ ಮೊದಲು ಯಾರೂ ಏನೂ ಕಟ್ಟಿರಲ್ಲ. ಜರ್ಮನಿಯ ಆರ್ಬೈಟ್ಸ್‌ಲೋಜೆನ್‌ಗೆಲ್ಡ್, ಅಂದರೆ ನೀನು ಕೇಳಿದ ನಿರುದ್ಯೋಗ ಭತ್ಯೆ, ನಮ್ಮ ಬೆಳೆವಿಮೆ ಇದ್ದ ಹಾಗೆ. ಮಳೆ ಕೈಕೊಟ್ಟು ಇಡೀ ಊರಿನ ಹೊಲ ಒಣಗಿದರೂ ಕಂತು ಕಟ್ಟಿದವನ ಖಾತೆಗಷ್ಟೇ ಹಣ. ನಿನ್ನ ಸಂಬಳದ ಶೇ 2.6ರಷ್ಟು ಈ ವಿಮೆಗೆ ಹೋಗುತ್ತೆ, ಅರ್ಧ ನಿನ್ನದು, ಅರ್ಧ ಕಂಪನಿಯದು. ಹಿಂದಿನ 30 ತಿಂಗಳಲ್ಲಿ ಒಟ್ಟು 12 ತಿಂಗಳು ಕಂತು ಹೋಗಿರಬೇಕು.

ನೀನು 14 ಕೂಡಿಸು 10, ಒಟ್ಟು 24 ಅಂತ ಲೆಕ್ಕ ಹಾಕಿದ್ದೀಯ. ಎಡವಿದ್ದು ಅಲ್ಲೇ. ವೆರ್ಕ್‌ಸ್ಟುಡೆಂಟ್ ದುಡಿಮೆಗೆ ನಿರುದ್ಯೋಗ ವಿಮೆಯ ಕಂತೇ ಇಲ್ಲ. ಹಳೆಯ ಸಂಬಳ ಚೀಟಿ ತೆಗೆದು 'ಎ.ವಿ.' (ನಿರುದ್ಯೋಗ ವಿಮೆ) ಅನ್ನುವ ಕಡೆ ನೋಡು, ಏನೂ ಕಡಿತ ಆಗಿರಲ್ಲ. ಹಾಗಾಗಿ ನಿನ್ನ ಖಾತೆಯಲ್ಲಿರೋದು ಬರೀ 10.

ಆದರೆ ನಿನ್ನ ಕರಾರಿನಲ್ಲಿ ನೋಟಿಸ್ ಅವಧಿ 3 ತಿಂಗಳು ಅಂತ ನೀನೇ ಬರೆದಿದ್ದೀಯ. ಬೇಡವಾದರೆ ಅವರೇ ನಿನ್ನ ಕೈಗೆ ನೋಟಿಸ್ ಕೊಡಲಿ. ಆ 3 ತಿಂಗಳೂ ಸಂಬಳ ಬರುತ್ತೆ, ಕಂತೂ ಹೋಗುತ್ತೆ. 13 ಆಯಿತು. ಆಗ 6 ತಿಂಗಳ ಭತ್ಯೆ ಸಿಗುತ್ತೆ, ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇ 60 (ಮಕ್ಕಳಿದ್ದವರಿಗೆ 67). ಆರೋಗ್ಯ ವಿಮೆಯ ಕಂತನ್ನೂ ಉದ್ಯೋಗ ಕಚೇರಿಯವರೇ ಕಟ್ತಾರೆ. ಒಂದು ತಿಂಗಳ ಸಂಬಳದ ಆಸೆಗೆ ಇಷ್ಟನ್ನೂ ಬಿಡ್ತೀಯಾ?

"ತೆಗೆದುಹಾಕಿದರು ಅನ್ನೋದಕ್ಕಿಂತ ನಾನೇ ಬಿಟ್ಟೆ ಅಂದರೆ ಮರ್ಯಾದೆ" ಅಂತ ಗೆಳೆಯ ಹೇಳಿದನಂತೆ. ಅವನ ಮಾತು ಕೇಳಬೇಡ. ಸರಿಯಾದ ಕಾರಣ ಇಲ್ಲದೆ ತಾನೇ ಬಿಟ್ಟವನಿಗೂ, ಒಪ್ಪಂದಕ್ಕೆ ಸಹಿ ಹಾಕಿದವನಿಗೂ ಸಾಮಾನ್ಯವಾಗಿ 12 ವಾರ ಭತ್ಯೆ ತಡೆಹಿಡೀತಾರೆ. ನೋಟಿಸ್ ಅನ್ಯಾಯ ಅನ್ನಿಸಿದರೆ 3 ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು.

ಮರ್ಯಾದೆ ಅಂದೆಯಲ್ಲ, ನಾನೂ ಅದರಲ್ಲೇ ಕೆಟ್ಟವನು. ನನ್ನ ಕೈಗೆ ನೋಟಿಸ್ ಬಂದಾಗ ಹೆಂಡತಿಗೂ ಹೇಳದೆ ಎಂಟು ದಿನ ಅದೇ ಟ್ರೇನು ಹತ್ತಿ ಇಳಿದೆ. ಸುದ್ದಿ ಗೊತ್ತಾದ 3 ದಿನದೊಳಗೆ ಉದ್ಯೋಗ ಕಚೇರಿಯಲ್ಲಿ 'ಕೆಲಸ ಹುಡುಕುತ್ತಿದ್ದೇನೆ' ಅಂತ ನೋಂದಾಯಿಸಬೇಕಿತ್ತು. ಒಂದು ವಾರದ ಭತ್ಯೆ ಹೋಯಿತು. ಸಿಂಧನೂರಿಂದ ಅವ್ವ ಫೋನಿನಲ್ಲಿ, "ಕೆಲಸ ಇಲ್ಲದವಗ ಸರಕಾರ ಯಾಕ ರೊಕ್ಕ ಕೊಡತೈತಿ?" ಅಂದಳು. ಬೆಳೆವಿಮೆ ಅಂದ ಮೇಲೆ, "ಹಂಗಾರ ಅದು ನಿನ್ನ ರೊಕ್ಕನ ಐತಿ ಬಿಡು" ಅಂತ ಸುಮ್ಮನಾದಳು. ನೋಂದಣಿ ಎರಡು ಸಲ ಅನ್ನೋದು ನೆನಪಿರಲಿ: ನೋಟಿಸ್ ಸಿಕ್ಕಾಗ ಒಮ್ಮೆ, ಕೆಲಸ ಇಲ್ಲದ ಮೊದಲ ದಿನಕ್ಕೆ ಇನ್ನೊಮ್ಮೆ. ತಡ ಮಾಡಿದ ದಿನಗಳ ಹಣ ಹಿಂದಿನ ತಾರೀಕಿನಿಂದ ಕೊಡಲ್ಲ.

ವೀಸಾ ಭಯ ಅಂದೆ. ಕೆಲಸ ಹೋದ ದಿನವೇ ಬ್ಲೂ ಕಾರ್ಡ್ (ಕೆಲಸದ ಮೇಲೆ ಸಿಕ್ಕ ನಿನ್ನ ವಾಸದ ಪರವಾನಗಿ) ಸಾಯಲ್ಲ. ಆದರೆ ವಿದೇಶಿಯರ ಕಚೇರಿಗೆ 2 ವಾರದೊಳಗೆ ತಿಳಿಸು. ಕಂತು ಕಟ್ಟಿ ಪಡೆದ ಈ ಭತ್ಯೆ ವಾಸದ ಪರವಾನಗಿಗೆ ಅಡ್ಡ ಬರಲ್ಲ. ಯೋಬ್‌ಸೆಂಟರ್ ಅನ್ನುವ ಸರಕಾರಿ ಕಚೇರಿ ಕಂತಿಲ್ಲದೆ ಕೊಡುವ ಸಹಾಯಧನ ಬೇರೆ, ಅದನ್ನ ಕೇಳೋ ಮುಂಚೆ ವಿಚಾರಿಸು.

ಕೆಲಸ ಹೆಂಗೂ ಇರಲ್ಲ, ಕೊಪ್ಪಳಕ್ಕೆ ಹೋಗಿ ಗವಿಮಠದ ಜಾತ್ರೆ ನೋಡಿ ಬರ್ತೀನಿ ಅಂತ ಬರೆದಿದ್ದೀಯ. ಹೋಗು, ಆದರೆ ಟಿಕೆಟ್ ತೆಗೆಯೋ ಮುಂಚೆ ಉದ್ಯೋಗ ಕಚೇರಿಯ ಒಪ್ಪಿಗೆ ತಗೋ. ಅವರು ಒಪ್ಪಿದರೆ ವರ್ಷಕ್ಕೆ 3 ವಾರದವರೆಗೆ ಭತ್ಯೆ ನಿಲ್ಲಲ್ಲ. ಸಹಿ ಹಾಕಿ ಅಂತ ಕೊಟ್ಟ ಕಾಗದವನ್ನ ಮೊದಲು ಒಬ್ಬ ವಕೀಲರಿಗೆ ತೋರಿಸು. ಯೋಚಿಸೋಕೆ ಸಮಯ ಬೇಕು ಅಂತ ನಾಳೆಯೇ ಕಂಪನಿಗೆ ಇಮೇಲ್ ಹಾಕು.