ಮಂಗಳೂರಿನ ಬಂದರು, ಬೋಳಾರದ ಹಳೆ ಹೆಂಚಿನ ಮನೆಗಳು ಬೆಲೆಬಾಳುವ ಜಾಗದಲ್ಲಿದ್ದೂ ಪಾಳು ಬೀಳುವುದೇಕೆ?

ಮುಖ್ಯ ಕಾರಣ ಪಾಲಾಗದ ಆಸ್ತಿ. ಈ ಹಳೆ ಕೇರಿಗಳಲ್ಲಿ ಹತ್ತು ಸೆಂಟ್ಸ್ ಹಿತ್ತಿಲಿಗೆ ಹದಿನೈದು ಮಂದಿ ಹಕ್ಕುದಾರರಿರುವುದೂ ಉಂಟು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬವಾದರೆ ಇನ್ನೂ ಹೆಚ್ಚು. ಇಡೀ ಜಾಗ ಮಾರಲು, ಹೊಸದಾಗಿ ಕಟ್ಟಲು ಎಲ್ಲರ ಸಹಿ ಬೇಕು. ಮುಂಬೈಯಲ್ಲೋ ದುಬೈಯಲ್ಲೋ ಇರುವ ಒಬ್ಬರು ಒಪ್ಪದಿದ್ದರೂ ಕೆಲಸ ನಿಂತಿತು. ಪಾಲಿನ ದಾವೆ ಹೂಡಿದರೆ ವರ್ಷಗಟ್ಟಲೆ ಎಳೆಯುತ್ತದೆ.

ಮಳೆ ಅಲ್ಲಿಯವರೆಗೆ ಕಾಯುವುದಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುವ ಊರು. ಒಂದು ಹೆಂಚು ಜಾರಿದರೆ ಸಾಕು, ನೀರು ಹೆಂಚಿನಡಿಯ ಮರದ ರೀಪು, ಪಕ್ಕಾಸಿಗೆ ಇಳಿದು ಮರ ಕೊಳೆತು ಕುಂಬಾಗುತ್ತದೆ, ಒರಲೆ ಹಿಡಿಯುತ್ತದೆ. ಮಾಡು ಕುಸಿದ ಮೇಲೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಮೇಲಿನಿಂದಲೇ ನೆನೆದು ಬಾಯಿಬಿಡುತ್ತದೆ. ಖಾಲಿ ಮನೆಯಾದರೂ ಮೇ ತಿಂಗಳಲ್ಲಿ ಹೆಂಚು ಸರಿಪಡಿಸಲೇಬೇಕು, ದಯವಿಟ್ಟು ಬಿಡಬೇಡಿ.

ಪಾಲು ಮುಗಿದರೂ ಓಣಿ ಕಿರಿದು. ರಸ್ತೆಯ ಅಗಲ ಕಡಿಮೆಯಾದಷ್ಟೂ ಕಟ್ಟಲು ಸಿಗುವ ಒಟ್ಟು ವಿಸ್ತೀರ್ಣ ಕಡಿಮೆ, ಹಾಗಾಗಿ ಬಿಲ್ಡರುಗಳು ಬರುವುದಿಲ್ಲ. ಇಲ್ಲಿಗೆ ಒಪ್ಪುವುದು ಎರಡಂತಸ್ತಿನ ಮನೆಯೇ.

ಪಾಲು ಮಾಡುವ ಕೆಲಸ ಶುರುವಾಗುವುದು ವಂಶವೃಕ್ಷ ಮತ್ತು ಋಣಭಾರ ಪತ್ರದಿಂದ. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಲಿ. ಅದು ಊರು ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆಮೇಲೆ ಪಾಲುಪತ್ರ ನೋಂದಣಿ.