ಹಳೆ 800ರ ಸ್ಟೀರಿಂಗ್: ರ‍್ಯಾಕ್ ಬದಲಿಸುವ ಮುಂಚೆ ಆಟ ಎಲ್ಲಿದೆ ನೋಡಿ

ಸಂಡೂರಿನ ಗೆಳೆಯರೇ, ನಿಮ್ಮ ಮಾರುತಿ 800 ಹೊಸಪೇಟೆ ಕಡೆ ಹೈವೇಯಲ್ಲಿ 60 ದಾಟಿದರೆ ಆ ಕಡೆ ಈ ಕಡೆ ಎಳೆಯುತ್ತದೆ, ಮೆಕ್ಯಾನಿಕ್ ಪೂರ್ತಿ ರ‍್ಯಾಕ್ ಬದಲಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ಎಡ ಬಲ ತಿರುಗಿಸುವ ಹಲ್ಲಿನ ಸರಳು. ಸ್ವಲ್ಪ ತಡೆಯಿರಿ. ಸುಮ್ನೆ ದುಡ್ಡು ಸುರಿಯಬೇಡಿ.

ಮುಂದಿನ ಎರಡೂ ಟೈರಿನ ಗಾಳಿ ಸಮ ಇದೆಯಾ, ಒಂದು ಅಂಚು ಮಾತ್ರ ಸವೆದಿದೆಯಾ ನೋಡಿ. ಆಮೇಲೆ ಆಟ, ಅಂದರೆ ಜಾಯಿಂಟುಗಳಲ್ಲಿನ ಸಡಿಲ, ಹುಡುಕಿ. ಇದಕ್ಕೆ ಇಬ್ಬರು ಬೇಕು. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಆಫ್. ಒಬ್ಬರು ಸ್ಟೀರಿಂಗನ್ನು ಸಣ್ಣಗೆ ಎಡ ಬಲ ಅಲ್ಲಾಡಿಸಲಿ. ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟು ಬರಲಿ: ಕಾಲಮ್ (ಸ್ಟೀರಿಂಗಿನಿಂದ ಕೆಳಗಿಳಿಯುವ ದಂಡ) ಕೆಳಗಿನ ಜಾಯಿಂಟ್, ರ‍್ಯಾಕ್ ಕ್ಲಾಂಪಿನ ರಬ್ಬರ್ ಬುಶ್, ಬೂಟಿನ (ರ‍್ಯಾಕಿನ ತುದಿಯ ರಬ್ಬರ್ ಕವರ್) ಒಳಗಿನ ಬಾಲ್ ಜಾಯಿಂಟ್, ಕೊನೆಗೆ ಟೈ ರಾಡ್ ಎಂಡ್, ಅಂದರೆ ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ಚಕ್ರದ ಕಡೆಯ ತುದಿ. ಒಂದು ಭಾಗ ಕದಲಿ ಪಕ್ಕದ್ದು ಕದಲದಿದ್ದರೆ ಸಡಿಲ ಅಲ್ಲೇ ಇದೆ. ರ‍್ಯಾಕಿನ ಹೊರ ಕವಚವೇ ಅಡ್ಡ ಜಾರುತ್ತಿದ್ದರೆ ಕ್ಲಾಂಪ್ ಬುಶ್ ಹೋಗಿದೆ. ಅದು ರ‍್ಯಾಕಿನ ಬೆಲೆಯ ಮುಂದೆ ಏನೂ ಅಲ್ಲ.

ನಿಮ್ಮೂರಲ್ಲಿ ಬೂಟನ್ನು ವಿಶೇಷವಾಗಿ ನೋಡಿ. ಅದಿರು ಲಾರಿಗಳ ಕೆಂಧೂಳು ಹರಿದ ಬೂಟಿನೊಳಗೆ ಹೋದರೆ ಗ್ರೀಸಿನ ಜೊತೆ ಸೇರಿ ಅರದಂತೆ ಉಜ್ಜುತ್ತದೆ.

ಈಗ ಜ್ಯಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಒಬ್ಬರು ಬ್ರೇಕ್ ತುಳಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕೆಳಗಿನ ಬಾಲ್ ಜಾಯಿಂಟ್ ಕಡೆ ನೋಡಿ.

ಸ್ಟೀರಿಂಗಲ್ಲಿ ಆಟವೇ ಇಲ್ಲ, ಆದರೂ ಗಾಡಿ ಎಳೆಯುತ್ತದೆ, ಬ್ರೇಕ್ ಹೊಡೆದಾಗ ಜಾಸ್ತಿ ಅಂತಾದರೆ ಸ್ಟೆಬಿಲೈಸರ್ ಬಾರ್ ಬುಶ್ ನೋಡಿ. 800ರಲ್ಲಿ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಆ ಬಾರೇ. ತುಂಬಾ ಜನ ಇದನ್ನು ಮರೆಯುತ್ತಾರೆ.

ರ‍್ಯಾಕ್ ಸ್ಕ್ರೂ ಬಿಗಿ ಮಾಡಿ ಕಳಿಸುತ್ತೇನೆ ಅಂತ ಮೆಕ್ಯಾನಿಕ್ ಅಂದರೆ ಒಪ್ಪಬೇಡಿ. ಟೈ ರಾಡ್ ಸವೆದಿದ್ದರೆ ಅದರಿಂದ ಏನೂ ಆಗುವುದಿಲ್ಲ. ಜಾಸ್ತಿ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಅದು ಇನ್ನೂ ಅಪಾಯ.

ಟೈ ರಾಡ್ ಎಂಡ್ ಬದಲಿಸಿದರೆ ನಟ್ ಕಳಚದಂತೆ ತೂತಿನಲ್ಲಿ ತೂರಿಸುವ ಸ್ಪ್ಲಿಟ್ ಪಿನ್ ಹೊಸದು ಹಾಕಿಸಿ. ತೂತು ಹೊಂದಲಿಲ್ಲ ಅಂತ ನಟ್ ಸಡಿಲಿಸಬಾರದು, ಇನ್ನಷ್ಟು ಬಿಗಿ ಮಾಡಿಯೇ ಹೊಂದಿಸಬೇಕು. ಅಲೈನ್‌ಮೆಂಟ್ ಎಲ್ಲ ಮುಗಿದ ಮೇಲೆ. ಸಡಿಲ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೊದಲ ಗುಂಡಿಗೇ ಹೋಗುತ್ತದೆ ಅಲ್ವಾ? ಬೂಟ್ ಬಿಚ್ಚಿದಾಗ ಒಳಗಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಹೈವೇಗೆ ತೆಗೆಯಬೇಡಿ.