ಸೈನ್ಯವನ್ನು ನಿಲ್ಲಿಸಿದ್ದು ಕೆಸರು

"ಬರೀ ಮಳೆಗೆ ಅಷ್ಟು ದೊಡ್ಡ ಸೈನ್ಯ ವಾಪಸ್ ಹೋಗುತ್ತಾ? ನೆನೆದುಕೊಂಡೇ ನಡೆಯಬಹುದಿತ್ತಲ್ವಾ?" ಅಂತ ಕೇಳಿದ್ದೀರಿ. ನಡೆಯಬಹುದಿತ್ತು. ಆದರೆ ಗಾಡಿ ಬರಬೇಕಲ್ಲ!

ಅಮೆರಿಕದ ಅಂತರ್ಯುದ್ಧ, 1863ರ ಜನವರಿ. ಹಿಂದಿನ ತಿಂಗಳಷ್ಟೇ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಸೋತಿದ್ದ ಉತ್ತರದ ಜನರಲ್ ಬರ್ನ್‌ಸೈಡ್, ರಾಪಹ್ಯಾನಕ್ ನದಿಯನ್ನು ಸ್ವಲ್ಪ ಮೇಲ್ಗಡೆ ದಾಟಿ ದಕ್ಷಿಣದ ಜನರಲ್ ಲೀಯ ಸೈನ್ಯವನ್ನು ಪಕ್ಕದಿಂದ ಹಿಡಿಯಲು ಹೊರಟ. 20ನೇ ತಾರೀಖು ಹೊರಟಾಗ ರಸ್ತೆ ಗಟ್ಟಿಯಾಗೇ ಇತ್ತು. ಅವತ್ತು ರಾತ್ರಿ ಹಿಡಿದ ಮಳೆ ಬಿಡಲೇ ಇಲ್ಲ. ವರ್ಜೀನಿಯಾದ ಜೇಡಿಮಣ್ಣು ಅಂಟಿನಂತಾಯಿತು.

ನದಿ ದಾಟಲು ತೇಲುವ ಸೇತುವೆ ಕಟ್ಟಬೇಕು, ಅದಕ್ಕೆ ಬೇಕಾದ ದೊಡ್ಡ ದೋಣಿಗಳು ಗಾಡಿಗಳ ಮೇಲಿದ್ದವು. ಆ ಗಾಡಿಗಳ ಚಕ್ರ ಅಚ್ಚಿನವರೆಗೆ ಹೂತುಹೋಯಿತು. ಹೇಸರಗತ್ತೆಗಳನ್ನು ಎರಡು ಪಟ್ಟು, ಮೂರು ಪಟ್ಟು ಕಟ್ಟಿ ನೋಡಿದರು. ಉದ್ದದ ಹಗ್ಗ ಹಾಕಿ ಸೈನಿಕರೇ ಸಾಲಾಗಿ ನಿಂತು ಎಳೆದರು. ಗಾಡಿ ಒಂದಿಷ್ಟು ಸರಿಯುತ್ತಿತ್ತು, ಎಳೆಯೋದು ನಿಲ್ಲಿಸಿದರೆ ಮತ್ತೆ ಮುಳುಗುತ್ತಿತ್ತು. ಫಿರಂಗಿಗಳದ್ದೂ ಅದೇ ಪಾಡು. ಎಷ್ಟೋ ಪ್ರಾಣಿಗಳು ಸುಸ್ತಾಗಿ ಅಲ್ಲೇ ಸತ್ತವು.

ಅಷ್ಟರಲ್ಲಿ ಆಚೆ ದಡದವರಿಗೆ ಎಲ್ಲ ಗೊತ್ತಾಗಿತ್ತು. "ಬರ್ನ್‌ಸೈಡ್ ಕೆಸರಲ್ಲಿ ಸಿಕ್ಕಿಬಿದ್ದ" ಅಂತ ಬೋರ್ಡ್ ಬರೆದು ಗೇಲಿ ಮಾಡಿದರು. ಇತ್ತ ಹುರುಪು ಬರಲಿ ಅಂತ ಹಂಚಿದ ವಿಸ್ಕಿ ಕುಡಿದು ಕೆಲವು ರೆಜಿಮೆಂಟ್‌ನವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು!

ನನ್ನ ಪ್ರಕಾರ ಯೋಜನೆ ಅಂಥ ಕೆಟ್ಟದ್ದಲ್ಲ, ಜನವರಿಯ ರಸ್ತೆಯನ್ನು ನಂಬಿದ್ದೇ ಎಡವಟ್ಟು. ಕೆಲವೇ ದಿನಗಳಲ್ಲಿ ಬರ್ನ್‌ಸೈಡ್ ಹುದ್ದೆ ಹೋಯಿತು. ಅವನ ಜಾಗಕ್ಕೆ ಬಂದ ಹೂಕರ್ ಏಪ್ರಿಲ್ ಕೊನೆಯವರೆಗೆ ಕಾದು, ಇನ್ನೂ ಮೇಲಕ್ಕೆ ಹೋಗಿ ಅದೇ ನದಿ ದಾಟಿದ.